ನರ್ಸಿಂಗ್ ವಿದ್ಯಾರ್ಥಿನಿಗೆ ವಾರ್ಡಿನಲ್ಲಿ ಕಲಿಸುವವರು ಯಾರು?

1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲಾರಂಭಿಸಿದಂದಿನಿಂದ ರೋಗಿಗಳ ಆರೈಕೆ ಕರಾವಳಿಯ ಧರ್ಮಸಭೆಯ ಸೇವೆಯಾಗಿ ಬೆಳೆದಿದೆ. ನಮ್ಮ ಚರ್ಚುಗಳ ಎಷ್ಟೋ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಮನೆಗೆ ಆಧಾರವಾಗಿದ್ದಾರೆ. ಆದುದರಿಂದ ಈ ಶಿಕ್ಷಣ ಹೇಗೆ ನಡೆಯುತ್ತಿದೆ ಎಂಬುದು ಕಾಲೇಜಿನವರಿಗೆ ಮಾತ್ರ ಬಿಟ್ಟ ವಿಚಾರವಲ್ಲ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಪರಿಷ್ಕರಿಸಿ ಎಂಟು ಸೆಮಿಸ್ಟರ್‌ಗಳ ಕ್ರೆಡಿಟ್ ಪದ್ಧತಿಯನ್ನು ತಂದಿತು. ಬೊಂಬೆಗಳ ಮೇಲೆ ಅಭ್ಯಾಸ ಮಾಡುವ ಲ್ಯಾಬಿಗೂ ಅದರಲ್ಲಿ ಮಹತ್ವ ಸಿಕ್ಕಿತು. 1947ರ ಕಾಯ್ದೆಯ ಬದಲಿಗೆ ಹೊಸ ಆಯೋಗ ರಚಿಸುವ ಕಾನೂನು 2023ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು. ಇವೆಲ್ಲ ಒಳ್ಳೆಯದೇ.

ಬೋಧನೆ ಮತ್ತು ಕಲಿಕೆಯ ತತ್ವಗಳೂ ಈ ಪಠ್ಯದಲ್ಲಿವೆ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕು, ಸುಲಭದಿಂದ ಕಠಿಣಕ್ಕೆ ಹೋಗಬೇಕು, ಶಿಕ್ಷಕಿ ಮಾಡಿ ತೋರಿಸಿದ್ದನ್ನು ವಿದ್ಯಾರ್ಥಿನಿ ಅವರ ಕಣ್ಣೆದುರೇ ಮಾಡಿ ತೋರಿಸಬೇಕು. ಮೊದಲು ಗೆಳತಿಯ ಕೈಹಿಡಿದು ನಾಡಿ ಎಣಿಸಿದವಳು ಆಮೇಲೆ ಜ್ವರದ ಮಗುವಿನ ನಾಡಿ ನೋಡುತ್ತಾಳೆ. ವಿದ್ಯಾರ್ಥಿನಿಯರು ಇದನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅವರಿಗೆ ಕಲಿಸುವಾಗ ಇದೇ ತತ್ವ ಪಾಲನೆಯಾಗುತ್ತದೆಯೇ?

ಎಲ್ಲ ಕಡೆ ಇಲ್ಲವೆಂದು ನಾವು ಹೇಳಲೇಬೇಕಾಗಿದೆ. ಸಿಬ್ಬಂದಿ ಕಡಿಮೆಯಿರುವ ವಾರ್ಡಿನಲ್ಲಿ ವಿದ್ಯಾರ್ಥಿನಿಯೆಂದರೆ ಸಂಬಳವಿಲ್ಲದ ಎರಡು ಕೈಗಳು. ಹಾಸಿಗೆ ಸರಿಪಡಿಸಿ, ಬಿ.ಪಿ. ನೋಡಿ, ಚಾರ್ಟ್ ತುಂಬಿಸುವಷ್ಟರಲ್ಲಿ ಡ್ಯೂಟಿ ಮುಗಿಯುತ್ತದೆ. ಹಾಸ್ಟೆಲಿಗೆ ಬಂದು ಹಿಂದಿನ ಬ್ಯಾಚಿನವರ ಕೇರ್ ಪ್ಲಾನ್ ನೋಡಿ ನಕಲು ಮಾಡುವುದು ಬೇರೆ! ಬೈಗುಳಕ್ಕೆ ಹೆದರಿದವಳು ತಪ್ಪಾದರೆ ಮುಚ್ಚಿಡುತ್ತಾಳೆ. ಔಷಧಿಯ ಪ್ರಮಾಣದಲ್ಲಾದ ತಪ್ಪನ್ನು ಮುಚ್ಚಿಟ್ಟರೆ ಅನುಭವಿಸುವವನು ರೋಗಿ. ಶಿಸ್ತು ಬೇಕು, ನಿಜ. ಆದರೆ ತಪ್ಪನ್ನು ಕೂಡಲೇ ಬಂದು ಹೇಳುವ ಧೈರ್ಯವನ್ನೂ ಶಿಕ್ಷಕಿಯೇ ಕಲಿಸಬೇಕು.

ಭಾಷೆಯ ವಿಚಾರ ಇನ್ನೊಂದು. ಪುಸ್ತಕ ಇಂಗ್ಲಿಷಿನದು. ಮಂಗಳೂರಿನಲ್ಲಿ ಕಲಿಯುವವರಲ್ಲಿ ಕೇರಳದಿಂದ ಬಂದವರೂ ಬಹಳ ಮಂದಿ. ಹಾಸಿಗೆಯಲ್ಲಿರುವ ಅಜ್ಜಿ ತುಳುವಿನಲ್ಲಿ ‘ಬೇನೆ’ ಎನ್ನುತ್ತಾರೆ, ಪಕ್ಕದವರು ಕೊಂಕಣಿಯಲ್ಲಿ ‘ದುಕ್ತಾ’ ಎನ್ನುತ್ತಾರೆ. ನೋವು ಎಲ್ಲಿ, ಯಾವಾಗಿನಿಂದ ಎಂದು ಕೇಳಲು ಬಾರದಿದ್ದರೆ ಲ್ಯಾಬಿನ ಬೊಂಬೆಯ ಮೇಲೆ ಕಲಿತದ್ದು ಅರ್ಧಕ್ಕೇ ನಿಲ್ಲುತ್ತದೆ. ಡಿಸ್ಚಾರ್ಜ್ ಆಗುವ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಬೇಕಾದವಳೂ ಅವಳೇ ಅಲ್ಲವೇ? ಮೊದಲ ವರ್ಷದಲ್ಲೇ ವಾರಕ್ಕೆರಡು ಗಂಟೆ ತುಳು, ಕನ್ನಡ ಮಾತು ಕಲಿಸಲು ದೊಡ್ಡ ಖರ್ಚೇನೂ ಇಲ್ಲ. ನಮ್ಮ ಚರ್ಚುಗಳ ನಿವೃತ್ತ ಶಿಕ್ಷಕಿಯರೇ ಸಂತೋಷದಿಂದ ಬಂದಾರು.

ಕ್ರೈಸ್ತ ಸಂಸ್ಥೆಗಳ ಆಡಳಿತದವರಲ್ಲಿ ನಮ್ಮ ವಿನಂತಿ ಇಷ್ಟೇ: ವಿದ್ಯಾರ್ಥಿನಿಯರನ್ನು ಡ್ಯೂಟಿ ಪಟ್ಟಿಯ ಲೆಕ್ಕಕ್ಕೆ ಸೇರಿಸಬೇಡಿ, ವಾರ್ಡಿನಲ್ಲಿ ಅವರ ಜೊತೆ ಶಿಕ್ಷಕಿ ಇರಲಿ. ಹೆತ್ತವರೂ ಸೀಟು ಪಡೆಯುವಾಗ ಫೀಸು, ಹಾಸ್ಟೆಲು ವಿಚಾರಿಸುವುದರ ಜೊತೆಗೆ, ವಾರ್ಡಿನಲ್ಲಿ ಮಗಳಿಗೆ ಕಲಿಸುವವರು ಯಾರೆಂದು ಕೇಳಿ ನೋಡಲಿ.