ಕಬ್ಬಿಣದ ಶಿಲುಬೆ

ಪದಕವೆಂದರೇನು? ತೂಗಿ ನೋಡಿದರೆ ಒಂದೆರಡು ತೊಲೆಯ ಲೋಹ. ಅಕ್ಕಸಾಲಿಗನ ಒರೆಗಲ್ಲಿಗೆ ಹಚ್ಚಿದರೆ ಅನೇಕ ವೇಳೆ ಅದಕ್ಕೆ ಬೆಲೆಯೇ ಇಲ್ಲ. ಆದರೂ ಅದಕ್ಕಾಗಿ ಮನುಷ್ಯರು ಪ್ರಾಣವನ್ನು ಪಣವಾಗಿ ಒಡ್ಡಿದ್ದಾರೆ. ಮನೆತನಗಳು ಅದನ್ನು ತಲೆತಲಾಂತರಕ್ಕೂ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದಿವೆ. ಇದರ ಗುಟ್ಟು ಲೋಹದಲ್ಲಿಲ್ಲ, ಮಾತಿನಲ್ಲಿದೆ. ‘ನೀನು ನಮಗಾಗಿ ಮಾಡಿದುದನ್ನು ನಾವು ಮರೆಯೆವು’ ಎಂದು ರಾಜ್ಯವು ತನ್ನ ಪ್ರಜೆಗೆ ಕೊಡುವ ವಾಗ್ದಾನಕ್ಕೆ ಪದಕವು ಮುದ್ರೆ. ಆ ವಾಗ್ದಾನವು ನಿಂತರೆ ಕಬ್ಬಿಣವೂ ಹೊನ್ನಾಗುವುದು. ಮುರಿದರೆ ಹೊನ್ನೂ ತುಕ್ಕು ಹಿಡಿಯುವುದು. ಇದಕ್ಕೆ ಜರ್ಮನಿಯ ಯುದ್ಧಪದಕಗಳ ಚರಿತ್ರೆಗಿಂತ ಮಿಗಿಲಾದ ನಿದರ್ಶನವು ಸಿಕ್ಕುವುದು ಕಷ್ಟ. ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇನೆ.

೧೮೦೬ನೆಯ ಇಸವಿಯಲ್ಲಿ ಯೇನಾ ಎಂಬಲ್ಲಿ ನೆಪೋಲಿಯನ್ನನ ಕೈಯಲ್ಲಿ ಸೋತ ಪ್ರಷ್ಯಾ ರಾಜ್ಯವು ತನ್ನ ಸೀಮೆಯಲ್ಲಿ ಸುಮಾರು ಅರ್ಧವನ್ನು ಕಳೆದುಕೊಂಡು ತಲೆ ತಗ್ಗಿಸಿ ಬಾಳುತ್ತಿತ್ತು. ಕೊನೆಗೆ ೧೮೧೩ರಲ್ಲಿ ಅದು ಮತ್ತೆ ಶಸ್ತ್ರವನ್ನು ಹಿಡಿಯಿತು. ಬೊಕ್ಕಸವು ಬರಿದಾಗಿತ್ತು. ಗೃಹಿಣಿಯರು ತಮ್ಮ ಚಿನ್ನದ ಒಡವೆಗಳನ್ನು ಯುದ್ಧನಿಧಿಗೆ ಒಪ್ಪಿಸಿ, ಅವುಗಳ ಬದಲಿಗೆ ಕಬ್ಬಿಣದ ಉಂಗುರಗಳನ್ನೂ ಬಳೆಗಳನ್ನೂ ಧರಿಸಿಕೊಂಡರು. ಆ ಕಾಲದಲ್ಲಿ ಕೈಯಲ್ಲಿ ಹೊನ್ನಿನ ಉಂಗುರವಿದ್ದವಳಿಗೆ ನಾಚಿಕೆ. ಕಬ್ಬಿಣದ ಉಂಗುರವಿದ್ದವಳಿಗೆ ಮರ್ಯಾದೆ. ಇಂತಹ ದಿನಗಳಲ್ಲಿ ದೊರೆಯಾದ ಮೂರನೆಯ ಫ್ರೆಡರಿಕ್ ವಿಲಿಯಮನು ಬ್ರೆಸ್ಲಾವ್ ನಗರದಲ್ಲಿ ‘ಕಬ್ಬಿಣದ ಶಿಲುಬೆ’ ಎಂಬ ಪದಕವನ್ನು ಸ್ಥಾಪಿಸಿದನು. ಅದಕ್ಕೆ ಗೊತ್ತುಮಾಡಿದ ದಿನವು ಮಾರ್ಚಿ ೧೦ನೆಯ ತಾರೀಖು. ೧೮೧೦ರಲ್ಲಿ ತೀರಿಕೊಂಡಿದ್ದ ಲೂಯಿಸೆ ರಾಣಿಯ ಜನ್ಮದಿನ. ಶಿಂಕೆಲ್ ಎಂಬ ಹೆಸರಾಂತ ಶಿಲ್ಪಿಯು ಅದರ ರೂಪವನ್ನು ತಿದ್ದಿಕೊಟ್ಟನು. ಕಪ್ಪು ಎರಕದ ಕಬ್ಬಿಣ, ಸುತ್ತಲೂ ತೆಳುವಾದ ಬೆಳ್ಳಿಯ ಅಂಚು; ಇಷ್ಟೇ ಅದರ ಅಲಂಕಾರ.

ಈ ಪದಕದ ಹೆಚ್ಚಳವು ಅದರ ಬಡತನದಲ್ಲಿಯೇ ಇದ್ದಿತು. ಅದುವರೆಗೆ ದೊಡ್ಡ ಬಿರುದುಗಳು ಸರದಾರರಿಗೆ ಮಾತ್ರ ಮೀಸಲಾಗಿದ್ದುವು. ಸಿಪಾಯಿಗೆ ಬೇರೆಯ, ಕೆಳದರ್ಜೆಯ ಪದಕ. ಕಬ್ಬಿಣದ ಶಿಲುಬೆಯಾದರೋ ದಳಪತಿಗೂ ಕಾಲಾಳಿಗೂ ಒಂದೇ. ಫ್ರೀಡರಿಕೆ ಕ್ರ್ಯೂಗರ್ ಎಂಬ ಹೆಂಗಸು ಕೂದಲನ್ನು ಕತ್ತರಿಸಿಕೊಂಡು, ಗಂಡುಡುಗೆಯುಟ್ಟು, ಹೆಸರು ಬದಲಾಯಿಸಿಕೊಂಡು ದಂಡಿಗೆ ಸೇರಿದಳು. ಗುಟ್ಟು ರಟ್ಟಾದ ಮೇಲೂ ಅವಳನ್ನು ಹೊರಹಾಕಲಿಲ್ಲ. ಡೆನ್ನೆವಿಟ್ಸ್ ಕಾಳಗದಲ್ಲಿ ಗಾಯಗೊಂಡ ಅವಳ ಎದೆಯ ಮೇಲೂ ಆ ಶಿಲುಬೆಯು ಏರಿತು. ‘ಯಾರು’ ಎಂದು ಕೇಳದೆ ‘ಏನು ಮಾಡಿದೆ’ ಎಂದು ಮಾತ್ರ ಕೇಳುವುದು ಆ ಪದಕದ ಹುಟ್ಟುಗುಣವಾಗಿತ್ತು. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲವೂ ಈ ಗುಣವು ಹೇಗೆ ಕೆಟ್ಟಿತೆಂಬುದರ ಕಥೆ.

ಇದಕ್ಕಿಂತ ಹಳೆಯದಾದ ಇನ್ನೊಂದು ಬಿರುದು ಪ್ರಷ್ಯಾದಲ್ಲಿ ಇದ್ದಿತು. ಅದು ಎರಡನೆಯ ಫ್ರೆಡರಿಕ್ ದೊರೆಯು ೧೭೪೦ರಲ್ಲಿ ಸ್ಥಾಪಿಸಿದ ‘ಪೂರ್ ಲ ಮೆರಿತ್’. ಆ ದೊರೆಗೆ ತನ್ನ ಜರ್ಮನ್ ನುಡಿಗಿಂತ ಫ್ರೆಂಚ್ ನುಡಿಯೇ ಪ್ರಿಯವಾಗಿತ್ತಾದುದರಿಂದ ಬಿರುದಿಗೆ ಫ್ರೆಂಚ್ ಹೆಸರು. ‘ಯೋಗ್ಯತೆಗಾಗಿ’ ಎಂದು ಅರ್ಥ. ಕೊರಳಲ್ಲಿ ತೂಗುವ ನೀಲಿ ಬಣ್ಣದ ಈ ಶಿಲುಬೆಯು ಯುದ್ಧಕಾಲದಲ್ಲಿ ಅಧಿಕಾರಿಗಳಿಗೆ ಮಾತ್ರ ಸಲ್ಲುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಬೋಲ್ಕೆ, ಇಮ್ಮೆಲ್ಮನ್ ಎಂಬ ಇಬ್ಬರು ತರುಣ ವಿಮಾನಭಟರು ತಲೆಗೆ ಎಂಟರಂತೆ ಶತ್ರುವಿಮಾನಗಳನ್ನು ಕೆಡವಿ, ೧೯೧೬ನೆಯ ಜನವರಿ ೧೨ರಂದು ಇದನ್ನು ಪಡೆದರು. ಆ ವರ್ಷವು ಮುಗಿಯುವುದರೊಳಗಾಗಿ ಇಬ್ಬರೂ ಮಡಿದರು. ಎಂಬತ್ತು ವಿಮಾನಗಳನ್ನು ಕೆಡವಿದ ರಿಖ್ತ್‌ಹೋಫೆನ್ನನು ೧೯೧೮ರ ಏಪ್ರಿಲಿನಲ್ಲಿ ತಾನೂ ಕೆಳಗುರುಳಿದನು. ಕೈಸರನು ಸಿಂಹಾಸನವನ್ನು ಬಿಟ್ಟೊಡನೆ ಬಿರುದಿನ ಸೈನಿಕವಿಭಾಗವು ನಿಂತುಹೋಯಿತು. ಅದನ್ನು ಪಡೆದವರಲ್ಲಿ ಕೊನೆಯವರೆಗೆ ಉಳಿದಿದ್ದವನು ಎರ್ನ್ಸ್ಟ್ ಯ್ಯೂಂಗರ್ ಎಂಬ ಗ್ರಂಥಕರ್ತನು; ಅವನು ೧೯೯೮ರಲ್ಲಿ, ತನ್ನ ೧೦೨ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇದೇ ಬಿರುದಿಗೆ ೧೮೪೨ರಲ್ಲಿ ವಿದ್ವಾಂಸರಿಗೂ ಕಲಾವಿದರಿಗೂ ಸಲ್ಲುವ ಇನ್ನೊಂದು ವಿಭಾಗವು ಸೇರಿತು. ವಿಜಯನಗರದ ಸಾಯಣಾಚಾರ್ಯರ ಭಾಷ್ಯದೊಡನೆ ಋಗ್ವೇದವನ್ನು ಅಚ್ಚುಹಾಕಿಸಿ, ಗ್ರಂಥದ ಮುಖಪತ್ರದಲ್ಲಿ ತನ್ನ ಹೆಸರನ್ನು ‘ಮೋಕ್ಷಮೂಲರ’ ಎಂದು ಸಂಸ್ಕೃತಕ್ಕೆ ತಿರುಗಿಸಿಕೊಂಡ ಮ್ಯಾಕ್ಸ್ ಮುಲ್ಲರ್ ಪಂಡಿತನು ೧೮೭೪ರಲ್ಲಿ ಅದನ್ನು ಪಡೆದನು. ಕತ್ತಿಗೂ ಲೇಖನಿಗೂ ಒಂದೇ ಹೆಸರಿನ ಬಿರುದನ್ನು ಕೊಟ್ಟ ಆ ಕಾಲದ ಔದಾರ್ಯವು ಮೆಚ್ಚತಕ್ಕದ್ದು.

ದಕ್ಷಿಣ ಹಿಂದುಸ್ಥಾನದವರಿಗೆ ಹೆಚ್ಚು ಪರಿಚಿತವಾದ ಹೆಸರು ‘ಎಂಡೆನ್’. ೧೯೧೪ನೆಯ ಸೆಪ್ಟೆಂಬರ್ ೨೨ರ ರಾತ್ರಿ ಮದರಾಸಿನ ಮುಂದೆ ಬಂದು ನಿಂತು, ಎಣ್ಣೆಯ ತೊಟ್ಟಿಗಳಿಗೆ ಗುಂಡು ಹಾರಿಸಿ ಬೆಂಕಿಯಿಟ್ಟು ಮಾಯವಾದ ಹಡಗು ಅದು. ಅದರ ನಾಯಕನಾದ ಕಾರ್ಲ್ ಫಾನ್ ಮುಲ್ಲರನು ಸೆರೆಹಿಡಿದ ವ್ಯಾಪಾರದ ಹಡಗುಗಳ ಜನರನ್ನು ಮೊದಲು ಇಳಿಸಿಕೊಂಡು ಆಮೇಲೆ ಹಡಗನ್ನು ಮುಳುಗಿಸುತ್ತಿದ್ದನು. ಪಿನಾಂಗಿನ ಬಳಿ ಫ್ರೆಂಚ್ ಯುದ್ಧನೌಕೆಯೊಂದನ್ನು ಮುಳುಗಿಸಿದಾಗ ನೀರಿನಲ್ಲಿ ತೇಲುತ್ತಿದ್ದ ಶತ್ರುಗಳನ್ನು ಎತ್ತಿ ಕಾಪಾಡಿದನು. ನವೆಂಬರ್ ೯ರಂದು ಕೋಕೋಸ್ ದ್ವೀಪದ ಬಳಿ ಆಸ್ಟ್ರೇಲಿಯಾದ ‘ಸಿಡ್ನಿ’ ನೌಕೆಯ ಏಟಿಗೆ ಎಂಡೆನ್ ನಾಶವಾದಾಗ ಶತ್ರುಪಕ್ಷದ ಪತ್ರಿಕೆಗಳೇ ಅವನನ್ನು ಹೊಗಳಿದುವು. ಅವನಿಗೂ ಅವನ ನಾವಿಕರಿಗೂ ಕಬ್ಬಿಣದ ಶಿಲುಬೆಗಳು ದೊರೆತುವು. ೧೯೧೮ರಲ್ಲಿ ಪೂರ್ ಲ ಮೆರಿತ್ ಕೂಡ ಅವನಿಗೆ ಸಂದಿತು. ಶೌರ್ಯವು ದಯೆಯೊಡನೆ ಸೇರಿದಾಗ ವೈರಿಯೂ ತಲೆಬಾಗುವನೆಂಬುದಕ್ಕೆ ಇದು ಸಾಕ್ಷಿ.

ಆ ಯುದ್ಧದಲ್ಲಿ ಕಬ್ಬಿಣದ ಶಿಲುಬೆಯ ಎರಡನೆಯ ದರ್ಜೆಯು ಸುಮಾರು ಐವತ್ತು ಲಕ್ಷ ಜನರಿಗೂ, ಮೊದಲನೆಯ ದರ್ಜೆಯು ಎರಡು ಲಕ್ಷಕ್ಕೆ ಮೇಲ್ಪಟ್ಟ ಜನರಿಗೂ ಸಂದಿತು. ಅತಿಯಾಗಿ ಹಂಚಿದುದರಿಂದ ಪದಕದ ಗೌರವವು ತಗ್ಗಿತೆಂದು ಹೇಳುವವರುಂಟು. ಆದರೆ ಅದಕ್ಕಿಂತ ದೊಡ್ಡ ಹಾನಿಯು ಬೇರೆ ಕಡೆಯಿಂದ ಬಂದಿತು.

ಜರ್ಮನ್ ದಂಡಿನಲ್ಲಿ ಆಗ ಸುಮಾರು ಒಂದು ಲಕ್ಷ ಯೆಹೂದ್ಯರಿದ್ದರು. ಅವರಲ್ಲಿ ಹನ್ನೆರಡು ಸಾವಿರದಷ್ಟು ಜನ ರಣದಲ್ಲಿ ಮಡಿದರು. ಸಾವಿರಾರು ಜನ ಕಬ್ಬಿಣದ ಶಿಲುಬೆಯನ್ನು ಪಡೆದರು. ಆದರೂ ಇವರು ಯುದ್ಧದಿಂದ ನುಣುಚಿಕೊಳ್ಳುತ್ತಾರೆಂಬ ಅಪವಾದವು ಹಬ್ಬಿ, ೧೯೧೬ರ ಅಕ್ಟೋಬರಿನಲ್ಲಿ ಸರ್ಕಾರವು ದಂಡಿನೊಳಗಿನ ಯೆಹೂದ್ಯರನ್ನು ಬೇರೆಯಾಗಿ ಎಣಿಸಲು ಆಜ್ಞೆಮಾಡಿತು. ಎಣಿಕೆಯ ಫಲವನ್ನು ಯುದ್ಧವು ನಡೆಯುತ್ತಿದ್ದಾಗ ಪ್ರಕಟಿಸಲೇ ಇಲ್ಲ. ಅಪವಾದವು ಹಾಗೆಯೇ ಉಳಿಯಿತು. ‘ಯಾರು’ ಎಂದು ಕೇಳದಿದ್ದ ಪದಕದ ದೇಶವು ‘ಯಾರು’ ಎಂದು ಕೇಳತೊಡಗಿತು.

ಇನ್ನೊಂದು ಸಂಗತಿಯನ್ನು ಕೇಳಿರಿ. ೧೯೧೮ನೆಯ ಆಗಸ್ಟ್ ೪ರಂದು ಬವೇರಿಯಾದ ಒಂದು ಪಟಾಲಮಿನ ಸಾಮಾನ್ಯ ಸಿಪಾಯಿಯೊಬ್ಬನಿಗೆ ಮೊದಲನೆಯ ದರ್ಜೆಯ ಶಿಲುಬೆಯು ದೊರೆಯಿತು. ಆ ದರ್ಜೆಯು ಸಿಪಾಯಿಗೆ ದೊರೆಯುವುದು ಅಪರೂಪ. ಅದಕ್ಕಾಗಿ ಶಿಫಾರಸು ಮಾಡಿದ ಅಧಿಕಾರಿಯು ಹ್ಯೂಗೋ ಗುಟ್‌ಮನ್, ಅವನು ಯೆಹೂದ್ಯನು. ಪದಕವನ್ನು ಪಡೆದ ಸಿಪಾಯಿಯು ಅಡಾಲ್ಫ್ ಹಿಟ್ಲರನು. ಹಿಟ್ಲರನು ತನ್ನ ಜೀವಮಾನವೆಲ್ಲ ಆ ಪದಕವನ್ನು ಎದೆಯ ಮೇಲೆ ಧರಿಸಿದನು. ಅದನ್ನು ಕೊಡಿಸಿದವನಾದರೋ ದೇಶವನ್ನೇ ಬಿಟ್ಟು ೧೯೪೦ರಲ್ಲಿ ಅಮೆರಿಕವನ್ನು ಸೇರಿ ಜೀವ ಉಳಿಸಿಕೊಳ್ಳಬೇಕಾಯಿತು. ಕೃತಘ್ನತೆಗೆ ಪ್ರಾಯಶ್ಚಿತ್ತವಿಲ್ಲವೆಂಬ ಹಿರಿಯರ ಮಾತು ಇಲ್ಲಿ ನೆನಪಿಗೆ ಬರುವುದು.

೧೯೩೩ನೆಯ ಏಪ್ರಿಲ್ ೧ರಂದು ಯೆಹೂದ್ಯರ ಅಂಗಡಿಗಳಿಗೆ ಯಾರೂ ಹೋಗಕೂಡದೆಂದು ನಾಜಿ ಪಕ್ಷದವರು ಬಾಗಿಲುಗಳಲ್ಲಿ ಕಾವಲು ನಿಂತರು. ಕೊಲೋನ್ ನಗರದಲ್ಲಿ ರಿಚರ್ಡ್ ಸ್ಟೆರ್ನ್ ಎಂಬ ವರ್ತಕನು ತನ್ನ ಕಬ್ಬಿಣದ ಶಿಲುಬೆಯನ್ನು ಅಂಗಿಯ ಮೇಲೆ ಧರಿಸಿಕೊಂಡು ಅಂಗಡಿಯ ಬಾಗಿಲಿನಲ್ಲಿ, ಕಾವಲಿನವನ ಪಕ್ಕದಲ್ಲಿಯೇ, ಮಾತಿಲ್ಲದೆ ನಿಂತನು. ಆ ದಿನ ತೆಗೆದ ಛಾಯಾಚಿತ್ರವು ಇಂದಿಗೂ ಉಂಟು. ಅವನು ಆಡದೆ ಕೇಳಿದ ಪ್ರಶ್ನೆಯು ಒಂದೇ: ‘ನೀವು ಕೊಟ್ಟ ಮಾತೆಲ್ಲಿ?’ ಕಾಲಾಂತರದಲ್ಲಿ ಅವನು ಅಮೆರಿಕಕ್ಕೆ ಹೋಗಿ, ಅಲ್ಲಿಯ ಸೈನ್ಯಕ್ಕೆ ಸೇರಿ, ಇಟಲಿಯ ರಣರಂಗದಲ್ಲಿ ‘ಬೆಳ್ಳಿಯ ನಕ್ಷತ್ರ’ವೆಂಬ ಪದಕವನ್ನು ಪಡೆದನು. ತನ್ನ ಶೌರ್ಯವನ್ನು ಬೇಡವೆಂದ ದೇಶವು ಅದನ್ನು ವೈರಿಗೆ ಕಾಣಿಕೆಯಾಗಿ ಕೊಟ್ಟಂತಾಯಿತು.

ಅದೇ ಏಪ್ರಿಲ್ ೪ರಂದು ರಾಷ್ಟ್ರಾಧ್ಯಕ್ಷನಾಗಿದ್ದ ವೃದ್ಧ ಹಿಂಡೆನ್‌ಬರ್ಗನು, ಯುದ್ಧದಲ್ಲಿ ಹೋರಾಡಿದ ಯೆಹೂದ್ಯರನ್ನು ಉದ್ಯೋಗದಿಂದ ತೆಗೆಯುವುದು ಸಲ್ಲದೆಂದು ಹಿಟ್ಲರನಿಗೆ ಪತ್ರ ಬರೆದನು. ಮೂರು ದಿನಗಳ ಮೇಲೆ ಹೊರಟ ಶಾಸನದಲ್ಲಿ ಅಂತಹವರಿಗೆ ವಿನಾಯಿತಿ ದೊರೆಯಿತು. ಆದರೆ ಅದು ನಿಂತದ್ದು ೧೯೩೫ರವರೆಗೆ ಮಾತ್ರ. ೧೯೪೨ನೆಯ ಜನವರಿ ೨೦ರಂದು ಬರ್ಲಿನ್ನಿನ ವಾನ್‌ಸೇ ಸರೋವರದ ದಡದ ಭವನದಲ್ಲಿ ಯೆಹೂದ್ಯರ ಸರ್ವನಾಶದ ಏರ್ಪಾಡುಗಳನ್ನು ಚರ್ಚಿಸಲು ಅಧಿಕಾರಿಗಳು ಸೇರಿದರು. ಅಲ್ಲಿಯೂ ಕಬ್ಬಿಣದ ಶಿಲುಬೆಯ ಪ್ರಸ್ತಾಪವು ಬಂದಿತು. ಮೊದಲನೆಯ ದರ್ಜೆಯ ಶಿಲುಬೆಯುಳ್ಳವರನ್ನೂ, ಯುದ್ಧದಲ್ಲಿ ಅಂಗಹೀನರಾದವರನ್ನೂ ಮುದುಕರೊಡನೆ ಟೆರೇಸಿಯೆನ್‌ಸ್ಟಾಟ್ ಎಂಬ ಊರಿಗೆ ಕಳುಹಿಸತಕ್ಕದ್ದೆಂದು ಗೊತ್ತುಮಾಡಿದರು. ಅವರ ಪರವಾಗಿ ಯಾರೂ ಶಿಫಾರಸು ಹಿಡಿದುಕೊಂಡು ಬರಬಾರದೆಂಬುದೇ ಇದರ ಉದ್ದೇಶ. ಆ ಊರಿಗೆ ಸಾಗಿಸಿದ ಸುಮಾರು ೧,೪೦,೦೦೦ ಯೆಹೂದ್ಯರಲ್ಲಿ ೩೩,೦೦೦ದಷ್ಟು ಜನ ಅಲ್ಲಿಯೇ ಸತ್ತರು. ಇನ್ನೂ ಹೆಚ್ಚಿನವರನ್ನು ಅಲ್ಲಿಂದ ಕೊಲೆಯ ಶಿಬಿರಗಳಿಗೆ ಸಾಗಿಸಿದರು. ಪದಕವು ಅವರಿಗೆ ಕೊಟ್ಟದ್ದು ಕೆಲವು ತಿಂಗಳ ಗಡುವು.

೧೯೩೯ನೆಯ ಸೆಪ್ಟೆಂಬರ್ ೧ರಂದು ಹಿಟ್ಲರನು ಕಬ್ಬಿಣದ ಶಿಲುಬೆಯನ್ನು ಮತ್ತೆ ಜಾರಿಗೆ ತಂದಾಗ ಅದರ ನಡುವೆ ಸ್ವಸ್ತಿಕವನ್ನು ಕೆತ್ತಿಸಿದನು. ನಮ್ಮ ಮನೆಗಳ ಹೊಸ್ತಿಲಿನಲ್ಲಿ ಶುಭವನ್ನು ಕರೆಯುವ ಆ ಚಿಹ್ನೆಯು, ‘ಸ್ವಸ್ತಿ’ ಎಂಬ ಪದದಿಂದ ಹುಟ್ಟಿದ ಆ ಚಿಹ್ನೆಯು, ಅಲ್ಲಿ ಎಂತಹ ಕಾರ್ಯಕ್ಕೆ ಮುದ್ರೆಯಾಯಿತೆಂಬುದನ್ನು ನೆನೆದರೆ ಮನಸ್ಸು ಕುಗ್ಗುವುದು. ಕೊರಳಲ್ಲಿ ಧರಿಸುವ ‘ವೀರಶಿಲುಬೆ’ಯೆಂಬ ಹೊಸ ದರ್ಜೆಯನ್ನೂ ಆಗಲೇ ಸೇರಿಸಿದರು. ಸುಮಾರು ಏಳು ಸಾವಿರ ಜನ ಅದನ್ನು ಪಡೆದರು. ಅದರ ಮೇಲೆ ಓಕ್ ಎಲೆ, ಕತ್ತಿ, ವಜ್ರಗಳೆಂದು ಮೆಟ್ಟಲು ಮೆಟ್ಟಲಾಗಿ ಅಂತಸ್ತುಗಳು ಬೆಳೆದುವು. ಪದಕದ ಆಸೆಗೆ ತನ್ನ ಕೈಕೆಳಗಿನವರನ್ನು ಸಾವಿನ ಬಾಯಿಗೆ ನೂಕುವ ಅಧಿಕಾರಿಯನ್ನು ಕಂಡರೆ ಸಿಪಾಯಿಗಳು ‘ಅವನಿಗೆ ಗಂಟಲುನೋವು’ ಎಂದು ಗುಟ್ಟಾಗಿ ಹಾಸ್ಯಮಾಡುತ್ತಿದ್ದರು. ಕೊರಳು ಬರಿದಾಗಿದ್ದುದೇ ಆ ನೋವಿಗೆ ಕಾರಣ!

ಹಾಗಾದರೆ ಆ ಪದಕದವರೆಲ್ಲ ಅಧರ್ಮಿಗಳೇ ಎಂದು ಕೇಳಬಹುದು. ಹಾಗೆನ್ನಲಾಗದು. ಹಿಟ್ಲರನನ್ನು ಕೊಲ್ಲುವ ಒಳಸಂಚಿನಲ್ಲಿ ಸೇರಿದ್ದ ದಂಡನಾಯಕ ವಿಟ್ಸ್‌ಲೇಬೆನ್ನನು ವೀರಶಿಲುಬೆಯನ್ನು ಪಡೆದವನು. ೧೯೪೪ನೆಯ ಆಗಸ್ಟ್ ೮ರಂದು ಅವನನ್ನು ಗಲ್ಲಿಗೇರಿಸಿದರು. ಇನ್ನೊಂದು ಕಡೆ, ೨,೫೦೦ಕ್ಕೂ ಮೀರಿದ ಹಾರಾಟಗಳನ್ನು ಮಾಡಿ ಹೊನ್ನಿನ ಓಕ್ ಎಲೆಗಳ ದರ್ಜೆಯನ್ನು ತಾನೊಬ್ಬನೇ ಪಡೆದ ವೈಮಾನಿಕ ರೂಡೆಲ್ಲನು ಯುದ್ಧವು ಮುಗಿದ ಮೇಲೂ ಹಿಟ್ಲರನ ಮತವನ್ನು ಬಿಡಲಿಲ್ಲ. ಇಬ್ಬರಲ್ಲಿಯೂ ಧೈರ್ಯವಿದ್ದಿತು. ಧೈರ್ಯವು ಕುದುರೆಯಿದ್ದಂತೆ, ಅದು ಎತ್ತ ಓಡಬೇಕೆಂಬುದನ್ನು ಗೊತ್ತುಮಾಡುವುದು ಸವಾರನ ವಿವೇಕ. ಪದಕವು ಕುದುರೆಯ ಓಟವನ್ನು ಅಳೆಯಬಲ್ಲುದು, ದಾರಿಯನ್ನು ಅಳೆಯಲಾರದು.

ವಿಲ್ಮ್ ಹೋಸೆನ್‌ಫೆಲ್ಡ್ ಎಂಬುವನು ಒಂದು ಹಳ್ಳಿಯ ಉಪಾಧ್ಯಾಯನು. ಮೊದಲನೆಯ ಯುದ್ಧದಲ್ಲಿ ಗಾಯಗೊಂಡು ಎರಡನೆಯ ದರ್ಜೆಯ ಶಿಲುಬೆಯನ್ನು ಪಡೆದವನು. ೧೯೪೪ರ ಕೊನೆಯಲ್ಲಿ, ಹಾಳುಬಿದ್ದ ವಾರ್ಸಾ ನಗರದ ಮನೆಯೊಂದರಲ್ಲಿ ಅಡಗಿದ್ದ ಸ್ಪಿಲ್‌ಮನ್ ಎಂಬ ಯೆಹೂದ್ಯ ಸಂಗೀತಗಾರನನ್ನು ಕಂಡು, ಹಿಡಿದುಕೊಡದೆ, ಅನ್ನವನ್ನೂ ಚಳಿಗೆ ಹೊದೆಯಲು ಅಂಗಿಯನ್ನೂ ಕೊಟ್ಟು ಬದುಕಿಸಿದನು. ತಾನು ಮಾತ್ರ ರಷ್ಯರ ಸೆರೆಯಲ್ಲಿ ೧೯೫೨ರಲ್ಲಿ ಸತ್ತನು. ಆಂಟನ್ ಶ್ಮಿಡ್ ಎಂಬ ವಿಯೆನ್ನಾದ ಸುಬೇದಾರನು ವಿಲ್ನಾ ನಗರದಲ್ಲಿ ನೂರಾರು ಯೆಹೂದ್ಯರನ್ನು ಕಾಪಾಡಿದನು. ಅದಕ್ಕಾಗಿ ೧೯೪೨ನೆಯ ಏಪ್ರಿಲ್ ೧೩ರಂದು ತನ್ನ ದಂಡಿನವರ ಗುಂಡಿಗೇ ಬಲಿಯಾದನು. ಈ ಕಾರ್ಯಗಳಿಗೆ ಆ ರಾಜ್ಯದ ಬಳಿ ಪದಕವಿರಲಿಲ್ಲ; ಮರಣದಂಡನೆಯಿತ್ತು.

ಯುದ್ಧಾನಂತರ ೧೯೫೭ರ ಶಾಸನದಲ್ಲಿ ಪಶ್ಚಿಮ ಜರ್ಮನಿಯು ಹಳೆಯ ಪದಕಗಳನ್ನು ಧರಿಸಲು ಅನುಮತಿಯನ್ನಿತ್ತಿತು; ಆದರೆ ಸ್ವಸ್ತಿಕವನ್ನು ತೆಗೆದು, ೧೮೧೩ರ ಓಕ್ ಎಲೆಗಳನ್ನು ಮತ್ತೆ ಆ ಸ್ಥಳದಲ್ಲಿಡಬೇಕೆಂದು ವಿಧಿಸಿತು. ೨೦೦೮ರಲ್ಲಿ ಧೈರ್ಯಕ್ಕಾಗಿ ಹೊಸ ಪದಕವೊಂದನ್ನು ಸ್ಥಾಪಿಸಿದಾಗ ಕಬ್ಬಿಣದ ಶಿಲುಬೆಯೆಂಬ ಹೆಸರನ್ನು ಮತ್ತೆ ತರಲಿಲ್ಲ. ಪೂರ್ ಲ ಮೆರಿತ್ ಪಡೆದು ೧೯೧೭ರಲ್ಲಿ ಮಡಿದ ಯೆಹೂದ್ಯ ಕುಲದ ವೈಮಾನಿಕ ವಿಲ್ಹೆಲ್ಮ್ ಫ್ರಾಂಕ್ಲನ ಹೆಸರನ್ನು ನಾಜಿಗಳು ವೀರರ ಪಟ್ಟಿಯಿಂದ ಅಳಿಸಿದ್ದರು. ೧೯೭೩ರಲ್ಲಿ ನೋಯ್‌ಬುರ್ಗಿನ ವಾಯುದಳದ ಪಾಳಯಕ್ಕೆ ಅವನ ಹೆಸರನ್ನಿಟ್ಟರು. ೨೦೦೦ನೆಯ ಇಸವಿಯಲ್ಲಿ ರೆಂಡ್ಸ್‌ಬುರ್ಗಿನ ಪಾಳಯಕ್ಕೆ, ಅದುವರೆಗೆ ಇದ್ದ ಸೇನಾಪತಿಯೊಬ್ಬನ ಹೆಸರನ್ನು ತೆಗೆದು, ಸುಬೇದಾರ ಶ್ಮಿಡ್ಡನ ಹೆಸರನ್ನಿಟ್ಟರು. ತಡವಾಗಿಯಾದರೂ ಮಾತು ಉಳಿಯಿತೆನ್ನಬೇಕು. ಆದರೆ ಟೆರೇಸಿಯೆನ್‌ಸ್ಟಾಟಿಗೆ ಎದೆಯ ಮೇಲೆ ಶಿಲುಬೆಯೊಡನೆ ಹೋದ ಮುದುಕರಿಗೆ ಅದನ್ನು ಯಾರು ತಿಳಿಸುವರು?

ನಮ್ಮ ನಮ್ಮ ಮನೆಗಳಲ್ಲಿಯೂ ಮಕ್ಕಳಿಗೆ ಬಹುಮಾನ ಕೊಡುತ್ತೇವೆ, ಆಳುಗಳನ್ನು ಹೊಗಳುತ್ತೇವೆ, ಕಷ್ಟಕಾಲದಲ್ಲಿ ನೆರವಾದವರಿಗೆ ‘ನಿಮ್ಮ ಉಪಕಾರವನ್ನು ಮರೆಯುವುದಿಲ್ಲ’ ಎನ್ನುತ್ತೇವೆ. ಇವೂ ಪದಕಗಳೇ. ಕೊಡುವಾಗ ಖರ್ಚಿಲ್ಲ, ಅದರ ಬೆಲೆಯನ್ನು ತೆರಬೇಕಾದ ದಿನವು ಆಮೇಲೆ, ಆ ಮನುಷ್ಯನು ಯಾರಿಗೂ ಬೇಡವಾದ ದಿನ, ಬರುವುದು. ಅಂದು ಅವನ ಬಾಗಿಲಿನಲ್ಲಿ ಅವನ ಪಕ್ಕಕ್ಕೆ ಹೋಗಿ ನಿಲ್ಲುವವನೇ ಕೊಟ್ಟ ಮಾತನ್ನು ಉಳಿಸಿಕೊಂಡವನು.