ಹಳೆ ಸ್ಟವ್ವಿಗೆ ಹೊಸ ನಿಪ್ಪಲ್

ನಮ್ಮ ಕಾಸರಗೋಡು ಕಡೆ ಒಂದೇ ಎಣ್ಣೆಗೆ ಮೂರು ಹೆಸರು. ಮನೆಯಲ್ಲಿ ಚಿಮಿಣಿ ಎಣ್ಣೆ, ಕನ್ನಡ ಪುಸ್ತಕದಲ್ಲಿ ಸೀಮೆಎಣ್ಣೆ, ರೇಷನ್ ಅಂಗಡಿಯಲ್ಲಿ ಮಣ್ಣೆಣ್ಣ. ಮೂರು ಹೆಸರನ್ನೂ ಬಲ್ಲ ನಮ್ಮ ಮಕ್ಕಳಿಗೆ ಆ ಎಣ್ಣೆಯಿಂದ ಭರ್ರೆಂದು ಉರಿಯುವ ಪಂಪ್ ಸ್ಟವ್ ಮಾತ್ರ ಗೊತ್ತಿಲ್ಲ. ಗ್ಯಾಸ್ ಬಂದ ಮೇಲೆ ಅಟ್ಟ ಸೇರಿದ ಹಿತ್ತಾಳೆಯ ಸ್ಟವ್ವನ್ನು ಈಗ ಕೆಲವರು ಕೆಳಗಿಳಿಸುತ್ತಾರೆ. ಸಿಲಿಂಡರ್ ಮುಗಿದಾಗ ಇರಲಿ ಎಂದು ಕೆಲವರು, ಅಜ್ಜಿಯ ಕಾಲದ್ದೆಂಬ ಪ್ರೀತಿಯಿಂದ ಇನ್ನು ಕೆಲವರು. ಆಗ ಶುರುವಾಗುತ್ತದೆ ಬಿಡಿಭಾಗಗಳ ಪೀಕಲಾಟ. ಸ್ಟವ್ ಮಾಡಿದ ಕಂಪೆನಿಯೇ ಇರುವುದಿಲ್ಲ. ಅಂಗಡಿಯವನು ಡಬ್ಬ ತಡಕಾಡಿ ಏನೋ ಒಂದನ್ನು ತೆಗೆದು "ಇದು ಕೂರುತ್ತದೆ ಮಾಷ್ಟ್ರೆ" ಎನ್ನುತ್ತಾನೆ.

ಕೂರುತ್ತದೆ ನಿಜ. ಆದರೆ ಕೂತ ಮಾತ್ರಕ್ಕೆ ಅದು ಸರಿಯಾದ ಭಾಗ ಅಲ್ಲ ಎಂಬುದೇ ನನ್ನ ವಾದ.

ಸ್ವಲ್ಪ ವಿಜ್ಞಾನ ಪಾಠ, ಬೇಸರಿಸಬೇಡಿ. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಸ್ಟವ್ವಿನ ತತ್ವವೇ ನಮ್ಮ ಎಲ್ಲ ಪಂಪ್ ಸ್ಟವ್‌ಗಳದ್ದು. ಇದರಲ್ಲಿ ಬತ್ತಿಯಿಲ್ಲ. ಮೊದಲು ಬಟ್ಟಲಲ್ಲಿ ಸ್ಪಿರಿಟ್ ಉರಿಸಿ ಬರ್ನರ್ ಬಿಸಿ ಮಾಡಬೇಕು. ಪಂಪ್ ಮಾಡಿದಾಗ ಗಾಳಿಯ ಒತ್ತಡಕ್ಕೆ ಮೇಲೇರಿದ ಎಣ್ಣೆ ಬಿಸಿ ನಳಿಗೆಯಲ್ಲಿ ಆವಿಯಾಗುತ್ತದೆ, ನಿಪ್ಪಲಿನ ತೂತಿನಿಂದ ರಭಸವಾಗಿ ಹೊರಬಂದು, ಸುತ್ತಲಿನ ಗಾಳಿಯನ್ನು ಎಳೆದುಕೊಂಡು ನೀಲಿಯಾಗಿ ಉರಿಯುತ್ತದೆ. ಎಣ್ಣೆ ಎಷ್ಟು, ಗಾಳಿ ಎಷ್ಟು ಎಂಬ ಲೆಕ್ಕವೆಲ್ಲ ಆ ಒಂದು ತೂತಿನ ಮೇಲೆ ನಿಂತಿದೆ.

ಆ ತೂತು ಒಂದು ಮಿಲಿಮೀಟರಿನ ಸುಮಾರು ಮೂರನೇ ಒಂದು ಪಾಲು ಮಾತ್ರ. 0.32 ಮಿ.ಮೀ. ಇರಬೇಕಾದಲ್ಲಿ 0.40 ಇದ್ದರೆ ಏನಾಯಿತು? ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದಲ್ಲ, ಲೆಕ್ಕ ಹಾಕಿ: ಒಂದೂವರೆ ಪಟ್ಟಿಗಿಂತ ಹೆಚ್ಚು! ಅಷ್ಟು ಎಣ್ಣೆಗೆ ಸಾಲುವ ಗಾಳಿ ಆ ಬರ್ನರಿಗೆ ಸಿಗುವುದಿಲ್ಲ. ಉರಿ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಒಮ್ಮೊಮ್ಮೆ ಜ್ವಾಲೆ ಮುಖದೆತ್ತರಕ್ಕೆ ಏಳುತ್ತದೆ. ಸ್ಟವ್ ಪಿನ್ನಿನ ಬದಲು ಹೊಲಿಗೆ ಸೂಜಿ ತೂರಿಸಿ ತೂತನ್ನು ಅಗಲ ಮಾಡುವವರೂ ತಿಳಿಯದೆ ಮಾಡುವುದು ಇದನ್ನೇ. ಸ್ಟವ್ ಪಿನ್ನಿನ ತಂತಿ ಕೂದಲೆಳೆಯಂತೆ ಇರುವುದು ಸುಮ್ಮನೆ ಅಲ್ಲ.

ವಾಷರುಗಳದ್ದೂ ಇದೇ ಕತೆ. ಪಂಪಿನೊಳಗಿನ ಚರ್ಮದ ವಾಷರ್ ಒಣಗಿದ್ದರೆ ಎಣ್ಣೆಯಲ್ಲಿ ನೆನೆಸಿ ಹಾಕಬಹುದು, ಹರಿದಿದ್ದರೆ ಹೊಸದು ಕತ್ತರಿಸಬಹುದು. ಅದರಲ್ಲಿ ದೊಡ್ಡ ಅಪಾಯವಿಲ್ಲ. ಬರ್ನರಿನ ಬುಡದಲ್ಲಿ ಕೂರುವ ಸೀಸದ ವಾಷರ್ ಬೇರೆ. ಅದು ಸಿಗಲಿಲ್ಲವೆಂದು ರಬ್ಬರ್ ಹಾಕಿದರೆ ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ, ಎಣ್ಣೆ ಜಿನುಗುವುದು ಬೆಂಕಿಯ ಪಕ್ಕದಲ್ಲೇ. ಇನ್ನು ಬಿರುಕು ಬಿಟ್ಟ ಬರ್ನರಿಗೆ ತವರದ ಬೆಸುಗೆ ಹಾಕಿಸುವುದಂತೂ ಬೇಡವೇ ಬೇಡ. ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ಸಿಗೇ ಕರಗಲು ಶುರು, ಉರಿಯುವ ಬರ್ನರ್ ಅದಕ್ಕಿಂತ ಎಷ್ಟೋ ಬಿಸಿ. ಸರಿಯಾದ ಬರ್ನರ್ ಸಿಗದಿದ್ದರೆ ಆ ಸ್ಟವ್ ಇನ್ನು ಶೋಕೇಸಿಗೆ. ರಿಪೇರಿಯನ್ನು ಇಷ್ಟಪಡುವ ನಾನೇ ಇದನ್ನು ಹೇಳುತ್ತಿದ್ದೇನೆ.

"ಸ್ಟವ್ ಸಿಡಿದು ಗೃಹಿಣಿ ಸಾವು" ಎಂಬ ಸುದ್ದಿಗಳನ್ನು ನಮ್ಮ ವಯಸ್ಸಿನವರು ಓದಿಯೇ ಬೆಳೆದವರು. ಅವುಗಳಲ್ಲಿ ಕೆಲವು ಅಪಘಾತಗಳೇ ಅಲ್ಲ, ವರದಕ್ಷಿಣೆಯ ಕೊಲೆಗಳು. ತಪ್ಪನ್ನು ಸ್ಟವ್ವಿನ ಮೇಲೆ ಹೊರಿಸಲಾಗಿತ್ತು. 1983ರಲ್ಲಿ 498ಎ, 1986ರಲ್ಲಿ 304ಬಿ ಕಲಮುಗಳು ಬಂದದ್ದು ಅಂಥ ಸಾವುಗಳ ಹಿನ್ನೆಲೆಯಲ್ಲಿ. ಆದರೆ ನಿಜವಾದ ಅಪಘಾತಗಳೂ ಇದ್ದವು, ಅವುಗಳ ಹಿಂದೆ ಪೆಟ್ರೋಲ್ ಬೆರೆತ ಎಣ್ಣೆ, ಉರಿಯುವಾಗಲೇ ಎಣ್ಣೆ ತುಂಬುವ ಅವಸರ, ಕಟ್ಟಿದ ನಿಪ್ಪಲ್ ಇದ್ದವು. ಅಟ್ಟದಿಂದ ಇಳಿದ ಸ್ಟವ್ವನ್ನು ಹೊತ್ತಿಸುವುದು ಹೆಚ್ಚಾಗಿ ಅಮ್ಮನೋ ಅಕ್ಕನೋ. ಭಾಗ ತಂದುಕೊಟ್ಟು ಪೇಪರ್ ಓದಲು ಕೂರುವ ಗಂಡಸರು ಇದನ್ನು ನೆನಪಿಡಬೇಕು.

ಹಾಗಾದರೆ ಹೊಣೆ ಯಾರದ್ದು? ಬಳಸುವವರದ್ದೇ ಎಂದರೆ ಅನ್ಯಾಯ. ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು ಆರಂಭಿಸಿತು. ಮೊಬೈಲ್, ವಾಹನ, ಕೃಷಿ ಯಂತ್ರ, ಗೃಹೋಪಕರಣಗಳ ಕಂಪೆನಿಗಳು ಬಿಡಿಭಾಗಗಳ ಮಾಹಿತಿ ಅಲ್ಲಿ ಕೊಡಬೇಕೆಂಬುದು ಉದ್ದೇಶ. ಒಳ್ಳೆಯದೇ. ಮುಚ್ಚಿಹೋದ ಸ್ಟವ್ ಕಂಪೆನಿ ಅಲ್ಲಿಗೆ ಬಂದು ಮಾಹಿತಿ ಕೊಡುವುದುಂಟೇ? ಆದರೆ ನಿಪ್ಪಲ್ ಮಾಡಿ ಮಾರುವವರು ಇಂದಿಗೂ ಇದ್ದಾರೆ. ತೂತಿನ ಅಳತೆ, ಮರೆಯ ಅಳತೆ, ಸದ್ದು ಮಾಡುವ ಬರ್ನರಿಗೋ ಸದ್ದಿಲ್ಲದ್ದಕ್ಕೋ ಎಂಬ ಮೂರು ವಿಷಯಗಳನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಲು ಅವರಿಗೆ ಏನು ಕಷ್ಟ? ಅದನ್ನು ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಹಳೆ ನಿಪ್ಪಲನ್ನು ಎಸೆಯದೆ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಅಳತೆ ಹೇಳದ ಪೊಟ್ಟಣವನ್ನು ವಾಪಸು ಕೊಡಿ.

ದಹನದ ಪಾಠ ಮಾಡುವ ಮಾಷ್ಟ್ರು-ಟೀಚರುಗಳಲ್ಲಿ ಒಂದು ಮಾತು. ಎಣ್ಣೆ ಹಾಕದ, ಹೊತ್ತಿಸದ ಹಳೆ ಸ್ಟವ್ ಒಂದನ್ನು ತರಗತಿಗೆ ತನ್ನಿ. ಮಕ್ಕಳೇ ಬಿಚ್ಚಲಿ, ನಿಪ್ಪಲನ್ನು ಬೆಳಕಿಗೆ ಹಿಡಿದು ನೋಡಲಿ. ಆಮೇಲೆ ಬೋರ್ಡಿನ ಮೇಲೆ ಆ ವರ್ಗದ ಲೆಕ್ಕ ಮಾಡಿಸಿ.