ಕೈಗೆ ಕೈ

ಎಲೆಕ್ಷನ್ ಬಂದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಬೀದಿಗಳಿಗೆ ದೊಡ್ಡವರ ಕೈಗಳು ಬರುತ್ತವೆ. ಯಳಂದೂರಿನ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರಲ್ಲಿ ಸೋಲಿಗೂ ಗೆಲುವಿಗೂ ಇದ್ದ ಅಂತರ ಒಂದೇ ಒಂದು ಓಟು. ಹಾಗಾಗಿ ಕೂಲಿಯವನ ಕೈಯನ್ನೂ ಬಿಡದೆ ಕುಲುಕುತ್ತಾರೆ. ಕನ್ನಡದಲ್ಲಿ 'ಕೈ ಕೊಟ್ಟ' ಅಂದ್ರೆ ಮೋಸ ಮಾಡಿದ ಅಂತಲೂ ಅರ್ಥ ಇರೋದು ಸುಮ್ನೆ ಅಲ್ಲ.

ಆದರೂ ಕೈಕುಲುಕುವುದನ್ನು ನಾವು ಹಗುರವಾಗಿ ಕಾಣಲಾರೆವು. ನಮ್ಮ ಹಿರಿಯರು ಎರಡು ಕೈ ಜೋಡಿಸಿ 'ಅಡ್ಡಬಿದ್ದೆ ಬುದ್ಧಿ' ಅನ್ನುತ್ತಲೇ ಬದುಕಿದರು. ಅವರ ಬೊಗಸೆಗೆ ನೀರನ್ನು ಎತ್ತರದಿಂದ ಹುಯ್ದರು, ಕೂಲಿಯ ಕಾಸನ್ನು ಎತ್ತರದಿಂದ ಬಿಟ್ಟರು. ಕೊಡುವ ಕೈಗೂ ಪಡೆಯುವ ಕೈಗೂ ನಡುವೆ ಯಾವಾಗಲೂ ಗೇಣುದ್ದ ಗಾಳಿ. 2020ರಲ್ಲಿ ಕೊರೋನಾ ಬಂದಾಗ 'ಮುಟ್ಟದೆ ನಮಸ್ಕರಿಸುವ ನಮ್ಮ ಸಂಸ್ಕೃತಿ ನೋಡಿ' ಎಂದು ಕೆಲವರು ಎದೆಯುಬ್ಬಿಸಿದರು. ಮುಟ್ಟದಿರುವ ಸಂಸ್ಕೃತಿಯನ್ನ ನಮಗೆ ಹೇಳಿಕೊಡಬೇಕಾ? ನಮಸ್ಕಾರದಲ್ಲಿ ನಮ್ಮ ಕೈ ನಮ್ಮ ಕೈಯನ್ನೇ ಮುಟ್ಟುತ್ತದೆ. ಕೈಕುಲುಕಲು ಎದುರಿಗೊಬ್ಬ ಬೇಕು, ಅವನೂ ಕೈ ಚಾಚಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದು ಮಾಡಿತು. ಆದರೆ ಕೈ ಚಾಚು ಅಂತ ಯಾವ ಕಾನೂನು ತಾನೇ ಹೇಳೀತು?

ಇದನ್ನು ಬೇರೆಯವರಿಗೆ ಹೇಳುವ ಮೊದಲು ನಮ್ಮ ಹಾಸ್ಟೆಲಿಗೆ ಬರೋಣ. ಹೊಸ ಹುಡುಗ ಟ್ರಂಕು ಇಳಿಸಿದ ಕೂಡಲೆ ಜೈಭೀಮ್ ಅಂದು ಕೈಕುಲುಕುತ್ತೇವೆ. ಎರಡನೇ ಮಾತಿಗೇ 'ಯಾವ ಕೇರಿ? ಎಡಗೈಯೋ ಬಲಗೈಯೋ?' ಅಂತೀವಿ. ಉತ್ತರ ಬೇರೆಯಾದರೆ ಹಿಡಿದ ಕೈ ಸಡಿಲವಾಗುತ್ತದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿ ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದು ತೀರ್ಪು ಕೊಟ್ಟ ಮೇಲೆ ಈ ಸಡಿಲ ಇನ್ನೂ ಹೆಚ್ಚಾಗಿದೆ. ಪಾಲು ಕೇಳುವುದು ತಪ್ಪಲ್ಲ. ಪಾಲು ಕೇಳಿದವನ ಪಕ್ಕದಿಂದ ತಟ್ಟೆ ಎತ್ತಿಕೊಂಡು ಆಚೆ ಹೋಗಿ ಕೂರುವುದು ತಪ್ಪು. ಸಿದ್ದಪ್ಪಾಜಿಯ ಹೆಸರಿನಲ್ಲಿ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಗೆ ಜಾತಿ ಕೇಳದೆ ಸಾಲಾಗಿ ಕೂತು ಉಂಡವರ ಮಕ್ಕಳು ನಾವು. ಊಟದ ಹಾಲಿನಲ್ಲಿ ಜಾತಿ ಕೇಳ್ತಾ ಇದೀವಿ.

ಈ ಸೀಮೆಯಲ್ಲಿ ಬಲಗೈಯವರು ಹೆಚ್ಚು, ಈ ಪತ್ರಿಕೆ ತರುವ ನಮ್ಮಲ್ಲೂ ಅವರೇ ಹೆಚ್ಚು. ಹಾಗಾಗಿ ಮೊದಲು ಕೈ ಚಾಚಬೇಕಾದವರು ನಾವೇ. ಮುಂದಿನ ಸಭೆಗೆ ಹೊರಡುವಾಗ ಪಕ್ಕದ ರೂಮಿನ ಬಾಗಿಲು ತಟ್ಟಿ. 'ಬಾ ಕಣಪ್ಪ, ಒಟ್ಟಿಗೇ ಹೋಗವ' ಅನ್ನಿ. ಅವರು ಪಾಲಿನ ಮಾತು ಎತ್ತಿದರೆ ಕೂತು ಪೂರ್ತಿ ಕೇಳಿ, ಬಸ್ಸು ತಪ್ಪಿದರೆ ತಪ್ಪಲಿ.